ಹಿತ್ತಲಿಗೆ ಹೋದ ಮುಂಬಾಗಿಲು

ಟೈಲರ್ ಬೆಳಗ್ಗೆ ಮನೆಯ ಮುಂಭಾಗದ ಅಂಗಡಿಯ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ನಾಯಿಯೊಂದು ಮಲಗಿತ್ತು. ಆ ವಾರ ಅವನ ಅಂಗಡಿಗೆ ಬಂದ ಮೊದಲ ಗಿರಾಕಿ ಅದೇ.

ಮೊದಲು ಹೀಗಿರಲಿಲ್ಲ. ಮನೆಯ ಮುಂದೆ ಓಣಿ, ಓಣಿಯ ತುಂಬ ಜನ. ಹಿಂದೆ ಬರೀ ಹೊಲ, ಕಪ್ಪೆಗಳ ವಟವಟ. ಆ ಹೊಲದ ಮೇಲೆ ದೊಡ್ಡ ರಸ್ತೆ ಬಂದದ್ದೇ ತಡ, ಮನೆಗಳೆಲ್ಲ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದೊಂದಾಗಿ ಅತ್ತ ತಿರುಗಿದವು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಅಡುಗೆಮನೆಯನ್ನೇ ಕ್ಲಿನಿಕ್ ಮಾಡಿಕೊಂಡರು. ಸೈಕಲ್ ರಿಪೇರಿಯವನು ಲಾರಿಗಳಿಗೆ ಪಂಕ್ಚರ್ ಹಾಕಿ ಹೊಟ್ಟೆ ಬೆಳೆಸಿದ. ಓಣಿಯನ್ನು ಕೇಳುವವರಿಲ್ಲದೆ ಬೇಲಿಯ ಮುಳ್ಳು ಎರಡೂ ಕಡೆಯಿಂದ ಕೈಚಾಚಿತ್ತು. ತಿರುಗದೆ ಉಳಿದವನು ಟೈಲರ್ ಒಬ್ಬನೇ.

"ರೀ, ಇವತ್ತೂ ಯಾರೂ ಬರಲಿಲ್ಲ ಅಂದ್ರೆ ನಾಳೆಯಿಂದ ನನ್ನ ತಮ್ಮನ ಹತ್ರ ಹೋಗಿ," ಎಂದಳು ಹೆಂಡತಿ. "ಗುಂಡಿ ಹೊಲಿಯೋಕೆ ಒಬ್ರು ಬೇಕಂತೆ."

ಟೈಲರನಿಗೆ ಮೈಯೆಲ್ಲ ಉರಿಯಿತು. ರೆಡಿಮೇಡ್ ಪ್ಯಾಂಟು ಮಾಡಿ ಮಾರುವ ಆ ಭಾವಮೈದುನನಿಗೆ ಸೂಜಿಗೆ ದಾರ ಪೋಣಿಸಲು ಕಲಿಸಿದವನೇ ತಾನು. ಅವನ ಕೈಕೆಳಗೆ ಕೂರುವುದಕ್ಕಿಂತ ಮನೆ ತಿರುಗಿಸುವುದೇ ವಾಸಿ ಎಂದು ಹಾರೆ ಹಿಡಿದ.

ರಸ್ತೆಯ ಕಡೆಗಿದ್ದದ್ದು ಬಚ್ಚಲುಮನೆ; ಅದರ ಗೋಡೆಯಲ್ಲೇ ಹೊಸ ಬಾಗಿಲು ತೆಗೆಯಬೇಕಿತ್ತು. ಹಾರೆಯ ಸದ್ದಿಗೆ ಡಾಕ್ಟರೂ ಪಂಕ್ಚರಿನವನೂ ಕರೆಯದೆಯೇ ಬಂದರು.

"ಮೊದಲು ಮುಂಬಾಗಿಲು ಮುಚ್ಚಿ," ಎಂದರು ಡಾಕ್ಟರು. "ಎರಡು ಬಾಗಿಲಿದ್ರೆ ಜನ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗ್ತಾರೆ. ಮೊನ್ನೆ ಒಬ್ಬ ಹಲ್ಲು ಕೀಳೋಕೆ ಮುಂಚೆ ಹಾಗೇ ಓಡಿಹೋದ."

ಮಾತು ನ್ಯಾಯವಾಗಿ ಕಂಡಿತು. ಟೈಲರ್ ಬಚ್ಚಲಿನ ಗೋಡೆಯಿಂದ ಇಟ್ಟಿಗೆ ಕಿತ್ತು ಕೊಡುವುದು, ಅವರಿಬ್ಬರೂ ಓಣಿಯಲ್ಲಿ ನಿಂತು ಅದನ್ನು ಬಾಗಿಲಿಗೆ ಕಟ್ಟುವುದು. ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲಿನ ಮೇಲೆ ಉಳಿದದ್ದು ಒಂದು ಗಾಳಿಕಿಂಡಿ ಮತ್ತು 'ಟೈಲರ್' ಎಂಬ ಬೋರ್ಡು.

ಅಷ್ಟರಲ್ಲಿ ಟೈಲರನ ಅಪ್ಪ ಚೊಂಬು ಹಿಡಿದು ಬಚ್ಚಲಿಗೆ ಹೊರಟರು.

"ಅಪ್ಪಾ, ಗೋಡೆ ಅಲ್ಲಾಡ್ತಿದೆ."

"ನೀರು ಆರಿಹೋಗುತ್ತೆ ಕಣೋ. ಅದು ಬೀಳೋದರೊಳಗೆ ಬರ್ತೀನಿ."

ಸೋಪು ಹಚ್ಚಿ ಮುಗಿಯುವುದರೊಳಗೆ ಗೋಡೆ ದಡಕ್ಕನೆ ರಸ್ತೆಗೆ ಉರುಳಿತು. ಬರುತ್ತಿದ್ದ ಬಸ್ಸಿನವನು ಗಾಬರಿಯಿಂದ ಬ್ರೇಕು ಹಾಕಿದ. ಇಟ್ಟಿಗೆ ಹತ್ತಿ ಟೈರು ಒಡೆದು, ಬಸ್ಸು ಸರಿಯಾಗಿ ಆ ಹೊಸ ಬಾಗಿಲಿಗೇ ಅಂಟಿಕೊಂಡು ನಿಂತಿತು. ಒಂದು ಇಲಿ ನುಸುಳಲೂ ಜಾಗವಿಲ್ಲ.

"ತಾತ, ಬೆನ್ನು ಉಜ್ಜಲಾ?" ಎಂದ ಕಿಟಕಿ ಪಕ್ಕದ ಪ್ರಯಾಣಿಕ.

"ಮಗಾ, ಗಿರಾಕಿಗಳು ಬಂದಿದ್ದಾರೆ ನೋಡು," ಎಂದರು ಅಪ್ಪ ಒಳಗೆ ತಿರುಗಿ. "ನಂಗೊಂದು ಟವೆಲ್ ಕೊಡು."

ದೊಡ್ಡ ರಸ್ತೆ ಕಟ್ಟಿಕೊಂಡಿತು. ದಾರಿ ಕಾಣದ ವಾಹನಗಳೆಲ್ಲ ಓಣಿಗೆ ನುಗ್ಗಿ ಅಲ್ಲಿಯೂ ಸಿಕ್ಕಿಬಿದ್ದವು. ಜನ ಇಳಿದು ಬೇಲಿಯ ಪಕ್ಕ ನುಸುಳಿದರು. ಮುಳ್ಳು ಯಾರ ಪ್ಯಾಂಟನ್ನೂ ಬಿಡಲಿಲ್ಲ.

"ಟೈಲರ್ ಅಂತ ಬೋರ್ಡಿದೆ, ಬಾಗಿಲೇ ಇಲ್ವಲ್ಲ," ಎಂಬ ಮಾತು ಗೋಡೆಯಾಚೆ ಕೇಳಿಸಿತು.

ಟೈಲರನ ಎದೆ ಹಿಗ್ಗಿತು. ಸ್ಟೂಲು ಹತ್ತಿ ಕಿಂಡಿಗೆ ಬಾಯಿಟ್ಟು, "ಇದ್ದೀನಿ ಸ್ವಾಮಿ, ಒಳಗೇ ಇದ್ದೀನಿ. ಪ್ಯಾಂಟು ಬಿಚ್ಚಿ ಕಿಂಡಿಯಿಂದ ಹಾಕಿ, ಐದೇ ನಿಮಿಷ," ಎಂದ.

"ಐದು ನಿಮಿಷ ನಾವು ಏನು ಹಾಕ್ಕೊಂಡು ನಿಂತ್ಕೊಳ್ಳೋದು?"

ಅದಕ್ಕೆ ಉತ್ತರ ಓಣಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಟೆಂಪೋದಲ್ಲಿತ್ತು. ಅದರ ಹಿಂಬಾಗಿಲು ತೆರೆದ ಸದ್ದು, ಆಮೇಲೆ ಗದ್ದಲ, ಹೊಸ ಪ್ಯಾಂಟಿಗೆ ಚೌಕಾಸಿ, ನಗು. ಪ್ಯಾಂಟು ಬದಲಿಸುವವರಿಗೆ ಡಾಕ್ಟರರ ಹೆಂಡತಿ ಸೀರೆಯನ್ನು ಅಡ್ಡ ಹಿಡಿದರಂತೆ. ಟೈಲರ್ ಸ್ಟೂಲಿನ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಸಂಜೆ ಕಿಂಡಿಯ ಆಚೆ, ಟೆಂಪೋ ಏರಿ ನಿಂತ ಭಾವಮೈದುನನ ಮುಖ ಕಾಣಿಸಿತು.

"ಭಾವ, ಟೆಂಪೋ ಪೂರ್ತಿ ಖಾಲಿ. ಎಂಥಾ ಓಣಿ ನಿಮ್ದು! ಎದುರು ಮನೆ ಬಾಡಿಗೆಗೆ ಮಾತಾಡ್ಬಿಟ್ಟೆ, ನಾಳೆಯಿಂದ ಇಲ್ಲೇ ಅಂಗಡಿ. ಅಕ್ಕ ಎಲ್ಲಾ ಹೇಳಿದ್ದಾಳೆ, ಗುಂಡಿ ಕೆಲಸ ನಿಮಗೇ ಇಟ್ಟಿದ್ದೀನಿ."

ಟೈಲರ್ ಸ್ಟೂಲಿನಿಂದ ಇಳಿಯಲು ನೋಡಿದ.

"ಹತ್ತು ಹೆಜ್ಜೆ ನಡೆದರೆ ಸಾಕು ಭಾವ," ಎಂದ ಅವನು ಗೋಡೆಯನ್ನು ತಟ್ಟಿ ನೋಡುತ್ತ. "ಬಂದು ಹೋಗೋಕೆ ಇಲ್ಲೊಂದು ಬಾಗಿಲು ಇಡಿಸ್ಕೊಂಡ್ಬಿಡಿ."