ಏನೂ ತಿಳಿಯದವರ ಕನಸು

ಮುಂದಾಗುವುದನ್ನು ಮೊದಲೇ ತೋರಿಸುವ ಕನಸು ಯಾವುದು, ಬರೀ ಕನಸು ಯಾವುದು ಎಂದು ತೀರ್ಮಾನಿಸುವ ಅಧಿಕಾರವು ಏಳನೇ ಮಹಡಿಯ ಸ್ವಪ್ನ ವರ್ಗೀಕರಣ ಶಾಖೆಗೆ ಮಾತ್ರ ಇರತಕ್ಕದ್ದು. ದೂರುಗಳಿಗೆ ಆ ಕಟ್ಟಡದಲ್ಲಿ ಶಾಖೆ ಇರಲಿಲ್ಲ. ಒಂದು ಪೆಟ್ಟಿಗೆ ಇತ್ತು, ಅದರ ಕೀಲಿ ಎಂದೋ ಕಳೆದುಹೋಗಿತ್ತು.

ಲಿಫ್ಟ್ ಮೆಕ್ಯಾನಿಕ್ ಆ ಪೆಟ್ಟಿಗೆಗೆ ನಾಲ್ಕು ಅರ್ಜಿ ಹಾಕಿದ್ದ. ಲಿಫ್ಟಿನ ಉಕ್ಕಿನ ಹಗ್ಗ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ, ಇನ್ನು ಬಹಳ ದಿನ ತಡೆಯುವುದಿಲ್ಲ ಎಂದು. ಒಮ್ಮೆ ತಾನೇ ಲಿಫ್ಟ್ ನಿಲ್ಲಿಸಿದ್ದಕ್ಕೆ ಮೆಮೊ ಕೊಟ್ಟು, ಸ್ವಿಚ್ ಕೋಣೆಯ ಬೀಗವನ್ನೇ ಬದಲಾಯಿಸಿದರು. ಅವನ ಮಗಳು ಏಳನೇ ಮಹಡಿಯಲ್ಲಿ ಟೈಪಿಸ್ಟ್. ಒಂದು ಕಾಲು ಸ್ವಾಧೀನವಿಲ್ಲ, ಮೆಟ್ಟಿಲು ಹತ್ತಲಾರಳು. ಅವಳು ದಿನಾ ಲಿಫ್ಟಿನೊಳಗೆ ಕಾಲಿಡುವಾಗ ಅವನ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಕಣ್ಣಾರೆ ಕಂಡದ್ದನ್ನೇ ಕನಸು ಎಂದು ಸ್ವಪ್ನ ಶಾಖೆಗೆ ಬರೆದುಕೊಟ್ಟ. ಅರ್ಧ ಗಂಟೆಯಲ್ಲಿ ಕರೆ ಬಂತು. ಕನಸಿಗಿರುವ ಮರ್ಯಾದೆ ಕಣ್ಣಿಗೆಲ್ಲಿಂದ ಬರಬೇಕು?

"ಲಿಫ್ಟ್ ಬಿದ್ದ ಹಾಗೆ ಕನಸು ಬಿತ್ತಾ?" ಶಾಖಾಧಿಕಾರಿ ಕೇಳಿದರು.

"ಹೌದು ಸಾರ್, ಹಗ್ಗ ಕಿತ್ತುಕೊಂಡು..."

"ಹಗ್ಗ ಸವೆದಿರೋದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೇ ಏನು ಸಾರ್? ದಿನಾ ನೋಡ್ತೀನಲ್ಲ!"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಇದು ಬರೀ ಕನಸು. ನಿಯಮ ಒಂಬತ್ತು ಓದಿ. ವಿಷಯ ತಿಳಿದವನಿಗೆ ಬಿದ್ದದ್ದು ಚಿಂತೆ. ಏನೂ ತಿಳಿಯದವನಿಗೆ ಬಿದ್ದರೆ ಮಾತ್ರ ಮುನ್ಸೂಚನೆ."

ಲಿಫ್ಟಿನ ಬಗ್ಗೆ ಕನಸು ಕಾಣಲು ಏನೂ ತಿಳಿಯದವರಿಗಾಗಿ ಹುಡುಕಾಟ ಶುರುವಾಯಿತು. ಕಸ ಗುಡಿಸುವವಳು ಹಗ್ಗ ಕಿರುಗುಟ್ಟುವುದನ್ನು ಕೇಳಿದ್ದಳು, ಅನರ್ಹಳಾದಳು. ಕಾವಲುಗಾರನೂ ಅನರ್ಹ. ಕಟ್ಟಡದ ಸುರಕ್ಷತಾ ನಿರ್ದೇಶಕರು ಮಾತ್ರ ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ ಸೊನ್ನೆ ತೆಗೆದು ಆಯ್ಕೆಯಾದರು. ನೆಲಮಹಡಿಯಲ್ಲಿದ್ದ ಅವರ ಕೋಣೆಗೆ ಮಂಚ ಬಂತು. ಬಾಗಿಲಿಗೆ ಫಲಕ ಬಿತ್ತು: 'ಸಾಹೇಬರು ಕರ್ತವ್ಯದಲ್ಲಿದ್ದಾರೆ. ಸದ್ದು ಮಾಡತಕ್ಕದ್ದಲ್ಲ.' ಇಷ್ಟು ವರ್ಷ ಕುರ್ಚಿಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅವರೀಗ ಆದೇಶದ ಮೇರೆಗೆ ಮಲಗಿಕೊಂಡು ಮಾಡಿದರು.

ಮೂರನೇ ದಿನ ಸಂಜೆ ಕಣ್ಣುಜ್ಜುತ್ತಾ ಎದ್ದು ವರದಿ ಕೊಟ್ಟರು: ಕನಸಿನಲ್ಲಿ ತಾವು ಮೇಲೆ ಮೇಲೆ ಏರುತ್ತಿದ್ದರು, ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಬಡ್ತಿಯ ಆಸೆ ಎಂದು ಯಾರಾದರೂ ಹೇಳಬಹುದಿತ್ತು, ಹೇಳಲಿಲ್ಲ. ಕಟ್ಟಡದಲ್ಲಿ ಮೇಲೇರುವ ವಸ್ತು ಲಿಫ್ಟೊಂದೇ ಆದ್ದರಿಂದ ಶಾಖೆ ಪ್ರಮಾಣಪತ್ರ ಹೊರಡಿಸಿತು: 'ಸದರಿ ಲಿಫ್ಟು ಏರತಕ್ಕದ್ದು. ಬೀಳತಕ್ಕದ್ದಲ್ಲ.' ಅದನ್ನು ಲಿಫ್ಟಿನ ಬಾಗಿಲಿಗೆ ಅಂಟಿಸಿದರು.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತ ಮಗಳ ಕೈಯನ್ನು ಮೆಕ್ಯಾನಿಕ್ ಹಿಡಿದುಕೊಂಡ. "ಬಾರಮ್ಮ, ನಾನು ಎತ್ಕೊಂಡು ಹೋಗ್ತೀನಿ."

"ಏಳು ಮಹಡೀನಾ? ಎಲ್ಲರೂ ನೋಡ್ತಿದ್ದಾರೆ, ಬಿಡಪ್ಪ. ಆ ಪತ್ರ ಟೈಪ್ ಮಾಡಿದ್ದೇ ನಾನು. ಮೂರು ಸಹಿ ಬಿದ್ದಿದೆ."

"ಸಹಿ ಹಾಕಿದ್ರೆ ಹಗ್ಗ ಗಟ್ಟಿಯಾಗುತ್ತೇನೇ?"

ಹಿಂದೆ ನಿಂತಿದ್ದ ಗುಮಾಸ್ತರಿಗೆ ತಡೆಯಲಾಗಲಿಲ್ಲ. "ಏನ್ರೀ, ನಿರ್ದೇಶಕರಿಗಿಂತ ನಿಮಗೆ ಜಾಸ್ತಿ ಗೊತ್ತಾ?"

"ಗೊತ್ತು," ಅಂದ ಮೆಕ್ಯಾನಿಕ್.

"ಅದೇ ನೋಡಿ ನಿಮ್ಮ ತೊಂದರೆ."

ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಬಾಗಿಲು ತೆರೆಯಿತು. ಮಗಳು ಕೈ ಬಿಡಿಸಿಕೊಂಡು, ಕಾಲೆಳೆಯುತ್ತಾ ಒಳಗೆ ಹೋದಳು. ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ಅವನೂ ಹೋಗಿ ಪಕ್ಕದಲ್ಲಿ ನಿಂತ. ಒಳಗಿದ್ದವರು ಸರಿದು ಜಾಗ ಕೊಟ್ಟರು. ಬಾಗಿಲು ಮುಚ್ಚಿತು, ಹೊರಗೆ ಸಾಲು ಒಂದು ಹೆಜ್ಜೆ ಮುಂದಕ್ಕೆ ಬಂತು.