ಎಮ್ಮೆಯ ಜಾಗದಲ್ಲಿ ಪೆನ್ಸಿಲ್ ಯಂತ್ರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು – ಈ ನಾಲ್ಕು ತಾಲೂಕುಗಳಲ್ಲಿ ಯಂತ್ರ ಕೂಡಿಸುವುದು ನನ್ನ ಕೆಲಸ. ಹಿಟ್ಟಿನ ಗಿರಣಿ, ಎಣ್ಣೆಯ ಗಾಣ, ಖಾರ ಕುಟ್ಟುವ ಯಂತ್ರ, ಯಾವುದಾದರೂ ಸರಿ. ನಾನು ಹೋಗಿ ಬೋಲ್ಟು ಬಿಗಿಯುವ ಮೊದಲೇ ಆ ಯಂತ್ರದ ಬಗ್ಗೆ ಊರಿನವರ ಅಭಿಪ್ರಾಯ ಬಂದು ಗಟ್ಟಿಯಾಗಿ ಕೂತಿರುತ್ತದೆ. ಯಂತ್ರವನ್ನಾದರೆ ಬಿಚ್ಚಿ ಸರಿಪಡಿಸಬಹುದು. ಹೀಗಾಗಿ ಪ್ರತಿ ಊರಿನಲ್ಲೂ ಏನಾದರೊಂದು ಆಗುತ್ತಲೇ ಇರುತ್ತದೆ. ಬಂಕಾಪುರದಲ್ಲಿ ಪೆನ್ಸಿಲ್ ಯಂತ್ರ ಕೂಡಿಸಿದಾಗ ಮಾತ್ರ ಎಲ್ಲವೂ ಒಂದೇ ಕಡೆ ಆದವು.

ಕರಾರು

ಮಾಲಕರದು ಬಂಕಾಪುರದಲ್ಲಿ ಕಟ್ಟಿಗೆ ಅಡ್ಡೆ. ಸುತ್ತಲಿನ ರೈತರು ಬೆಳೆದ ಹೆಬ್ಬೇವನ್ನು ಕೊಯ್ದು ಹಲಗೆ ಮಾಡಿ ಮಾರುತ್ತಿದ್ದರು. ಹೆಬ್ಬೇವು ಪೆನ್ಸಿಲ್ಲಿಗೆ ಒಗ್ಗುತ್ತದೆಂದು ಎಲ್ಲೋ ಕೇಳಿ, ಮುಚ್ಚಿಹೋದ ಒಂದು ಕಾರ್ಖಾನೆಯ ಹಳೆಯ ಯಂತ್ರಗಳನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಹಲಗೆಗೆ ಗೆರೆ ಕೊರೆಯುವುದೊಂದು, ಪೆನ್ಸಿಲ್ ಕೊಯ್ಯುವುದೊಂದು, ಬಣ್ಣ ಹಚ್ಚುವುದೊಂದು, ಹೆಸರು ಒತ್ತುವುದೊಂದು. ಇಡಲು ಜಾಗವಿರಲಿಲ್ಲ. ಜಾಗ ಇದ್ದದ್ದು ಅವರ ತಾಯಿಯ ಹತ್ತಿರ. ಆ ಜಾಗದಲ್ಲಿ ಎಮ್ಮೆ ಇತ್ತು.

ತಾಯಿಯನ್ನು ಓಣಿಯೆಲ್ಲ ‘ಅಮ್ಮಾ’ ಎನ್ನುತ್ತಿತ್ತು. ಮಗನನ್ನು ಮನೆಯೊಳಗೆ ಉರ್ದುವಿನಲ್ಲಿ ಬೈಯುವವರು, ನನ್ನ ಪಾಲಿನದು ನನಗೆ ತಪ್ಪಿಹೋಗಬಾರದೆಂದು ನನ್ನೆದುರು ಕನ್ನಡದಲ್ಲೇ ಬೈಯುತ್ತಿದ್ದರು.

“ಏನು ಮಾಡ್ತತೋ ಈ ಮಶೀನು?”

“ಪೆನ್ಸಿಲ್, ಅಮ್ಮಾ.”

“ಅಂಗಡ್ಯಾಗ ಸಿಗೂದಿಲ್ಲೇನು?”

“ಹಾಲೂ ಅಂಗಡ್ಯಾಗ ಸಿಗ್ತತಿ. ನೀ ಯಾಕ ಎಮ್ಮಿ ಕಟ್ಟೀ?”

“ಅಂಗಡಿ ಹಾಲಿಗೆ ನೀರು ಹಾಕ್ತಾರ. ಪೆನ್ಸಿಲ್ಲಿಗೆ ಯಾರು ನೀರು ಹಾಕ್ತಾರೋ?”

ಕೊನೆಗೆ ಒಂದು ಕರಾರಾಯಿತು. ಎಮ್ಮೆ ಗಬ್ಬವಾಗಿತ್ತು. ಅದನ್ನು ದುಂಡಸಿಯಲ್ಲಿರುವ ಮಗಳ ಮನೆಗೆ ಕಳಿಸುವುದು. ಅದು ಈಯುವುದರೊಳಗೆ ನೆಟ್ಟಗಿನ ಒಂದು ಪೆನ್ಸಿಲ್ ಮಾಡಿ ಅಮ್ಮನ ಕೈಯಲ್ಲಿಡಬೇಕು. ಅಮ್ಮ ಒಪ್ಪಿದರೆ ಜಾಗ ಯಂತ್ರಕ್ಕೆ, ಎಮ್ಮೆಗೆ ಬೇರೆ ಚಪ್ಪರ. ಒಪ್ಪದಿದ್ದರೆ ಎಮ್ಮೆ ಒಳಗೆ, ಯಂತ್ರ ಗುಜರಿಗೆ.

ಎಮ್ಮೆ ಯಾವಾಗ ಈಯಬಹುದೆಂದು ನಾನು ಮೆಲ್ಲಗೆ ಕೇಳಿದೆ.

“ಮಿಸ್ತ್ರಿ,” ಎಂದರು ಅಮ್ಮ, “ಎಮ್ಮಿ ತನ್ನ ಕೆಲಸ ಟೈಮಿಗೆ ಸರಿಯಾಗಿ ಮಾಡ್ತತಿ. ನಿನ್ನ ಚಿಂತಿ ನೀ ಮಾಡು.”

ಶಾವಿಗೆ

ಪೆನ್ಸಿಲ್ಲುಗಳು ಒಂದೊಂದಾಗಿ ಹುಟ್ಟುವುದಿಲ್ಲ. ತೆಳು ಹಲಗೆಯಲ್ಲಿ ಉದ್ದುದ್ದ ಗೆರೆ ಕೊರೆದು, ಅವುಗಳಲ್ಲಿ ಲೆಡ್ ಮಲಗಿಸಿ, ಗೋಂದು ಹಚ್ಚಿದ ಇನ್ನೊಂದು ಹಲಗೆ ಮುಚ್ಚಿ, ಒತ್ತಿಟ್ಟು ಒಣಗಿಸಬೇಕು. ಆ ಜೋಡಿ ಹಲಗೆಯನ್ನು ಕೊಯ್ಯುವ ಯಂತ್ರದ ಈ ಬಾಯಿಗೆ ಕೊಟ್ಟರೆ ಆ ಬಾಯಿಯಿಂದ ಕಡ್ಡಿಗಳು ಸಾಲಾಗಿ ಬಂದು ಬೀಳುತ್ತವೆ.

ನಾವು ಮೊದಲ ಸಲ ಲೆಡ್ ಹಾಕದೆ ಬರೀ ಪರೀಕ್ಷೆಗೆಂದು ಕೊಯ್ದಾಗ ಆ ಬಾಯಿಯ ಕಡೆಗಿನ ಕಿಟಕಿಯಲ್ಲಿ ಯಾರೋ ನಿಂತು ನೋಡಿದ್ದರು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಓಣಿಯ ಹೆಣ್ಣುಮಕ್ಕಳು ನಾದಿದ ಹಿಟ್ಟಿನ ಬೋಗುಣಿ ಹಿಡಿದು ಪಾಳಿ ಹಚ್ಚಿ ಕೂತಿದ್ದರು.

“ಇದು ಕಟಿಗಿ ಮಶೀನ್ರಿ,” ಎಂದರು ಮಾಲಕರು.

“ಕಟಿಗೀನ ಶಾವಗಿ ಮಾಡೂ ಮಶೀನಿಗೆ ನಮ್ಮ ಹಿಟ್ಟು ಯಾವ ಲೆಕ್ಕರಿ?” ಎಂದರು ಮುಂದೆ ಕೂತ ಹೆಂಗಸು. “ನಿನ್ನೆ ಕಿಡಕ್ಯಾಗಿಂದ ನೋಡೇನಿ. ಎಲ್ಲಾ ಒಂದ ಅಳತಿ. ಒಂದೂ ಮುರದಿದ್ದಿಲ್ಲ. ನಮ್ಮ ಓಣಿ ಮಶೀನಿಂದು ಒಣಗೂದರೊಳಗ ಪುಡಿಪುಡಿ ಆಗ್ತತಿ.”

ನಾನು ತಿಳಿಸಿ ಹೇಳಲು ಹೋದೆ. “ಇವು ಮುರಿಯೂದಿಲ್ಲ ಯಾಕಂದ್ರ ಒಳಗ ಗೋಂದು ಹಾಕಿರ್ತೇವಿ.”

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಗುಸುಗುಸು ಮಾತಾಡಿಕೊಂಡರು. ಆಮೇಲೆ ಮುಂದಿದ್ದವರು ಬೋಗುಣಿಯನ್ನು ನನ್ನ ಕಡೆ ಸರಿಸಿದರು.

“ಹಂಗಾರ ನಮ್ಮದಕ್ಕೂ ಸ್ವಲ್ಪ ಹಾಕ್ರಿ. ಭಾಳ ಬ್ಯಾಡ, ಮನಿ ಮಂದಿ ತಿನ್ನೂದು. ಬೀಗರಿಗೆ ಕಳಸೂದು ಬೇರೆ ನಾದೇನಿ, ಅದಕ್ಕ ಬೇಕಾದಷ್ಟು ಹಾಕ್ರಿ.”

ಕುಲ್ಫಿ

ಮೊದಲ ಸರಿಯಾದ ಕಂತು ತಯಾರಾಗುವಾಗ ಲೆಡ್ ಮಲಗಿಸುವ ಕೆಲಸವನ್ನು ಮಾಲಕರೇ ಹಿಡಿದಿದ್ದರು. ಅದೇ ಹೊತ್ತಿಗೆ ದುಂಡಸಿಯಿಂದ ಅವರ ಅಕ್ಕನ ಫೋನ್ ಬಂತು. ಎಮ್ಮೆ ಮೇವು ಬಿಟ್ಟು ಸುಮ್ಮನೆ ನಿಂತಿದೆ, ಇವತ್ತೋ ನಾಳೆಯೋ ಅನ್ನುವಂತಿದೆ. ಮಾಲಕರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಗಡಬಡಿಸಿ ಹಲಗೆ ಮುಚ್ಚುತ್ತ ಹೋದರು. ಎಮ್ಮೆಗೆ ಆಗಿದ್ದು ಬರೀ ಅಜೀರ್ಣ ಎಂದು ಸಂಜೆಗೆ ತಿಳಿಯಿತು. ಪೆನ್ಸಿಲ್ಲುಗಳಿಗೆ ಆಗಿದ್ದೇನೆಂದು ಕೊಯ್ದ ಮೇಲೆ ತಿಳಿಯಿತು. ನುಣ್ಣಗೆ, ನೆಟ್ಟಗೆ, ಅಂದವಾಗಿದ್ದವು. ಲೆಡ್ ಇರಬೇಕಾದಲ್ಲಿ ತೂತು ಇತ್ತು.

ಸವಣೂರಿನ ಕುಲ್ಫಿ ಮಾರುವವರೊಬ್ಬರು ಕಟ್ಟಿಗೆ ಪುಡಿ ಒಯ್ಯಲು ಅಡ್ಡೆಗೆ ಬರುತ್ತಿದ್ದರು. ಬಣ್ಣ ಹಚ್ಚದ ಆ ಕಡ್ಡಿಗಳನ್ನು ನೋಡಿ, ಅರ್ಧಕ್ಕೆ ಕತ್ತರಿಸಿದರೆ ಕುಲ್ಫಿಗೆ ಸಿಕ್ಕಿಸಬಹುದೆಂದು ಚೀಲ ತುಂಬಿಸಿಕೊಂಡು ಹೋದರು. ವಾರದೊಳಗೆ ಸವಣೂರಿನಲ್ಲಿ ಆ ಕುಲ್ಫಿಗೆ ಮುಗಿಬೀಳತೊಡಗಿದರು. ಮಕ್ಕಳು ಕರಗಿದ ಹಾಲನ್ನು ಕಡ್ಡಿಯ ತೂತಿನಿಂದ ಹೀರುತ್ತಿದ್ದವಂತೆ.

ಇನ್ನೊಂದು ವಾರಕ್ಕೆ ಅದೇ ಮನುಷ್ಯ ಕೆಂಡದಂಥ ಮುಖ ಮಾಡಿಕೊಂಡು ಬಂದರು. ಒಂದು ಕಡ್ಡಿಯನ್ನು ಮಾಲಕರ ಮುಂದೆ ಒಗೆದರು.

“ಏನ್ರಿ ಇದು? ಹೀರಿದ್ರ ಬರವಲ್ದು ಅಂತ ಗಿರಾಕಿ ಮಂದ್ಯಾಗ ಮರ್ಯಾದಿ ತಗದ. ನೋಡಿದ್ರ ಒಳಗ ಕರ್ರಗ ಏನೋ ತುರುಕೀರಿ! ಮಾಲಿನಾಗ ಕಲಬೆರಕಿ ಮಾಡ್ತೀರೇನ್ರಿ?”

ಮಾಲಕರು ಕಡ್ಡಿ ಎತ್ತಿ ನೋಡಿದರು. ಗಡಿಬಿಡಿಯಲ್ಲೂ ಒಂದು ಗೆರೆಯಲ್ಲಿ ಲೆಡ್ ಮಲಗಿತ್ತು. ಗೋಡೆಯ ಮೇಲೆ ಗೀಚಿದರು. ಬರೆಯಿತು. ನಮ್ಮ ಕಾರ್ಖಾನೆಯ ಮೊದಲ ಪೆನ್ಸಿಲ್! ಅವರು ಕುಲ್ಫಿಯವರನ್ನು ತಬ್ಬಿಕೊಂಡು, ಕಡ್ಡಿ ಹಿಡಿದು ಅಮ್ಮನ ಹತ್ತಿರ ಓಡಿದರು.

ಅಮ್ಮ ಅದನ್ನು ಮೂಗಿಗೆ ಹಿಡಿದರು.

“ಯಾಲಕ್ಕಿ ವಾಸನಿ ಬರ್ತತಿ. ಆದ್ರ ಬೆಂದಿಲ್ಲ.”

ಪರೀಕ್ಷೆ

ಮುಂದಿನ ಕಂತಿನಲ್ಲಿ ಎಲ್ಲ ಸರಿಹೋಯಿತು. ಲೆಡ್ ನಟ್ಟನಡುವೆ ಇತ್ತು. ಹಳದಿ ಬಣ್ಣ ಮಿಂಚುತ್ತಿತ್ತು. ಎಮ್ಮೆ ಇನ್ನೂ ಈದಿರಲಿಲ್ಲ. ಮಾಲಕರು ಹೊಸ ಅಂಗಿ ತೊಟ್ಟು, ತಟ್ಟೆಯಲ್ಲಿ ಪೆನ್ಸಿಲ್ ಇಟ್ಟುಕೊಂಡು ಅಮ್ಮನ ಮುಂದೆ ನಿಂತರು. ಹಿಂದೆ ನಾನು.

ಅಮ್ಮ ಪೆನ್ಸಿಲ್ ತೆಗೆದುಕೊಂಡು ಬರೆಯಲಿಲ್ಲ, ಕೆತ್ತಲೂ ಇಲ್ಲ. ಲಟ್ಟಣಿಗೆ ಕೊಳ್ಳುವಾಗ ಮಾಡುವಂತೆ ನೆಲದ ಮೇಲಿಟ್ಟು ಅಂಗೈಯಿಂದ ಉರುಳಿಸಿ ಬಿಟ್ಟರು. ಅದು ಎರಡು ಸಲ ಟಕಟಕ ಎಂದು ನಿಂತುಬಿಟ್ಟಿತು.

“ಡೊಂಕು ಐತಿ.”

“ಅಮ್ಮಾ, ಡೊಂಕಲ್ಲ. ಅದಕ್ಕ ಆರು ಮೂಲಿ ಅದಾವು.”

“ಯಾಕ ಮಾಡ್ದಿ? ನಾ ನೆಟ್ಟಗಿಂದು ಕೇಳಿದ್ದೆ. ಮೂಲಿ ಕೇಳಿದ್ನೇನು?”

ಮಾಲಕರು ನನ್ನತ್ತ ನೋಡಿದರು. ನಾನು ವಿವರಿಸಿದೆ: “ದುಂಡಗಿದ್ರ ಮೇಜಿನ ಮ್ಯಾಲಿಂದ ಉರುಳಿ ಬೀಳ್ತತ್ರಿ, ಅಮ್ಮಾ. ಲೆಡ್ ಮುರಿತತಿ. ಅದಕ್ಕ ಮೂಲಿ.”

ಅಮ್ಮ ನನ್ನನ್ನು ಕರುಣೆಯಿಂದ ನೋಡಿದರು.

“ಇಷ್ಟು ಓದೀಯಂತ, ಮಿಸ್ತ್ರಿ. ಪೆನ್ಸಿಲ್ ಉರುಳತತಿ ಅಂದ್ರ ಮೇಜು ನೆಟ್ಟಗ ಮಾಡಬೇಕು. ಪೆನ್ಸಿಲ್ ಯಾಕ ಕೆಡಸ್ತೀ?”

ಹೆಸರುಗಳು

ದುಂಡನೆಯ ಪೆನ್ಸಿಲ್ ಕೊಯ್ಯಲು ಬೇರೆ ಕಟರ್ ಬೇಕು. ತಯಾರಿಸುವವರಿಗೆ ಬರೆದು, ದಿನಾಲೂ ಫೋನ್ ಮಾಡುತ್ತ ಕಾದೆವು. ಆ ನಡುವೆ ಹಾನಗಲ್ಲಿನಿಂದ ಒಂದು ಮದುವೆಯ ಆರ್ಡರ್ ಬಂತು. ಅಮ್ಮನಿಗೆ ನೆಟ್ಟಗಿರದ ಪೆನ್ಸಿಲ್ ಅವರಿಗೆ ನೆಟ್ಟಗೇ ಇತ್ತು. ಹುಡುಗಿ ಹಾನಗಲ್ಲ, ಹುಡುಗ ರಟ್ಟೀಹಳ್ಳಿ, ಇಬ್ಬರೂ ಶಾಲೆಯಲ್ಲಿ ಕಲಿಸುವವರು. ಬಂದವರಿಗೆಲ್ಲ ಇಬ್ಬರ ಹೆಸರು ಒತ್ತಿದ ಪೆನ್ಸಿಲ್ ಕೊಡಬೇಕೆಂದು ಅವರ ಆಸೆ.

ಮಾದರಿ ನೋಡಲು ಹುಡುಗಿಯ ತಂದೆ, ಹುಡುಗನ ಸೋದರಮಾವ ಒಟ್ಟಿಗೆ ಬಂದರು. ತಂದೆ ಹಿಗ್ಗಿದರು. ಸೋದರಮಾವ ಪೆನ್ಸಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದನ್ನ ಯಾವ ಕಡಿಯಿಂದ ಕೆತ್ತತಾರ್ರಿ?”

ಟೊಪ್ಪಿಗೆಯಂತೆ ಬಣ್ಣ ಅದ್ದಿದ ತುದಿಯನ್ನು ಬಿಟ್ಟು ಇನ್ನೊಂದು ಕಡೆಯಿಂದ ಎಂದೆ.

“ಅಂದ್ರ ಮೊದಲ ನಮ್ಮ ಹುಡುಗ ಹೋಗ್ತಾನ!”

ನಾವು ನೋಡಿದೆವು. ನಿಜ. ಕೆತ್ತುತ್ತ ಹೋದಂತೆ ಮೊದಲು ಹುಡುಗನ ಹೆಸರು ಅಳಿಯುತ್ತಿತ್ತು. ಕೊನೆಯವರೆಗೆ ಹುಡುಗಿ ಉಳಿಯುತ್ತಿದ್ದಳು.

“ಹಂಗಾರ ತಿರುವಿ ಒತ್ತೋಣ್ರಿ,” ಎಂದರು ಮಾಲಕರು.

“ತಿರುವಿದ್ರ ನಮ್ಮ ಹುಡಿಗಿ ಹೋಗೂದಿಲ್ಲೇನ್ರಿ?” ಎಂದು ತಂದೆ ಎದ್ದು ನಿಂತರು. “ಲಗ್ನದಾಗ ಇಂಥಾ ಅಪಶಕುನ ಮಾತಾಡ್ತೀರಿ?”

ಚಹಾ ತರಿಸಿದೆವು. ಅದೂ ಆರಿತು. ಕಡೆಗೆ ಅರ್ಧ ಪೆನ್ಸಿಲ್ಲುಗಳಲ್ಲಿ ಹುಡುಗ ಮುಂದೆ, ಅರ್ಧದಲ್ಲಿ ಹುಡುಗಿ ಮುಂದೆ ಎಂದು ತೀರ್ಮಾನವಾಗಿ, ಇಬ್ಬರೂ ಒಂದೇ ಗಾಡಿಯಲ್ಲಿ ನಗುತ್ತ ಹೋದರು.

ಮದುವೆಯ ದಿನ ಮಧ್ಯಾಹ್ನ ಹುಡುಗಿಯ ತಂದೆಯ ಫೋನ್ ಬಂತು. ಹಿಂದೆ ಗದ್ದಲವೋ ಗದ್ದಲ.

“ಪೆನ್ಸಿಲ್ ಛಲೋ ಅದಾವ್ರಿ. ಆದ್ರ ಅವ್ರ ಮಂದಿ ಆರಿಸಿ ಆರಿಸಿ ನಮ್ಮ ಹುಡಿಗಿ ಹೆಸರು ಕೆತ್ತಾಕತ್ತಾರ. ನಮ್ಮವ್ರು ಅವ್ರ ಹುಡುಗನ್ನ ಕೆತ್ತಾಕತ್ತಾರ. ಊಟಕ್ಕ ಒಬ್ಬರೂ ಏಳವಲ್ರು.”

ಮಾಲಕರು ಗಾಬರಿಯಾಗಿ, ತಾವೇನು ಮಾಡಬೇಕೆಂದು ಕೇಳಿದರು.

“ಶಾರ್ಪನರ್ ಮಾಡೂ ಮಶೀನ್ ಐತೇನ್ರಿ ನಿಮ್ಮಲ್ಲಿ? ಅವ್ರ ಕಡೆ ಜಾಸ್ತಿ ಅದಾವು!”

ಹಾಲು

ಕಟರ್ ಬರುವ ಮೊದಲೇ ಎಮ್ಮೆ ಈದಿತು. ಹೆಣ್ಣುಗರು. ದುಂಡಸಿಯಲ್ಲಿ ಎಲ್ಲರಿಗೂ ಸಂತೋಷ. ಬಂಕಾಪುರದಲ್ಲಿ ಮಾಲಕರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಅಕ್ಕನ ಫೋನ್ ಬಂತು: ಎಮ್ಮೆ ಅಲ್ಲಿ ಹಾಲು ಬಿಡುತ್ತಿಲ್ಲ, ಕೂತವರನ್ನು ಒದೆಯುತ್ತದೆ, ಕರೆದುಕೊಂಡು ಹೋಗಿ.

ಒಂದು ಸಂಜೆ ಟೆಂಪೊ ಬಂದು ನಿಂತಿತು. ಎಮ್ಮೆ ಇಳಿಯಿತು, ಕರು ಇಳಿಯಿತು. ಅಮ್ಮ ಬಾಗಿಲಲ್ಲಿ ನಿಂತರು.

“ಮಾತು ಅಂದ್ರ ಮಾತು. ಬಿಚ್ಚು, ಮಿಸ್ತ್ರಿ.”

ನಾನು ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ಬಣ್ಣದ ಯಂತ್ರದಿಂದ ಸುರುಮಾಡಿದೆ. ಎಮ್ಮೆ ಮಾತ್ರ ಯಾರನ್ನೂ ಕೇಳದೆ ಹಗ್ಗ ಎಳೆದುಕೊಂಡು ನೇರ ತನ್ನ ಹಳೆಯ ಮೂಲೆಗೆ ಹೋಗಿ, ಕೊಯ್ಯುವ ಯಂತ್ರದ ಮಗ್ಗುಲಲ್ಲಿ ನಿಂತಿತು. ಅಮ್ಮ ಅಲ್ಲೇ ಕಟ್ಟಿ, ಕರು ಬಿಟ್ಟು, ತಂಬಿಗೆ ಹಿಡಿದು ಕೂತರು. ಹನಿ ಹಾಲಿಲ್ಲ. ಬೆನ್ನು ಸವರಿದರು. ಹಿಂಡಿ ಇಟ್ಟರು. ಉರ್ದುವಿನಲ್ಲಿ ಹೇಳಿದರು, ಕನ್ನಡದಲ್ಲಿ ಹೇಳಿದರು. ಎಮ್ಮೆ ಗೋಡೆ ನೋಡುತ್ತ ನಿಂತಿತ್ತು.

ಮಾಲಕರು ಇಳಿದ ದನಿಯಲ್ಲಿ, “ಮಿಸ್ತ್ರಿ, ಒತ್ತಿಟ್ಟ ಹಲಗಿ ಸ್ವಲ್ಪ ಉಳದಾವು. ಬಿಚ್ಚೂದಕಿಂತ ಮೊದಲ ಕೊಯ್ದುಬಿಡೂಣು. ಕಡೀ ಸಲ,” ಎಂದು ಗುಂಡಿ ಒತ್ತಿದರು.

ಯಂತ್ರ ಗುಂಯ್ ಎಂದಿತು. ಹಲಗೆ ಒಳಗೆ ಹೋಯಿತು. ಎಮ್ಮೆ ಬೆದರಿ ಅಮ್ಮನನ್ನು ತುಳಿದೀತೆಂದು ನಾನು ಓಡಿದೆ. ಎಮ್ಮೆ ಬೆದರಲಿಲ್ಲ. ಕಿವಿ ಇಳಿಬಿಟ್ಟಿತು, ಕಣ್ಣು ಅರೆ ಮುಚ್ಚಿತು. ತಂಬಿಗೆಯಲ್ಲಿ ಸೊರ್ ಸೊರ್ ಎಂದು ನೊರೆ ಏರತೊಡಗಿತು.

“ಬಂದ ಮಾಡೋ ಅದನ್ನ! ಕಿವಿ ಹೋದ್ವು!” ಎಂದರು ಅಮ್ಮ.

ಬಂದ್ ಮಾಡಿದರು. ಹಾಲೂ ಬಂದ್ ಆಯಿತು.

ಅಮ್ಮ ಎಮ್ಮೆಯನ್ನು ನೋಡಿದರು. ಯಂತ್ರವನ್ನು ನೋಡಿದರು.

“ಹಚ್ಚು.”

ಹಚ್ಚಿದರು. ಹಾಲು ಬಂತು. ಅಷ್ಟರಲ್ಲಿ ಹಲಗೆ ತೀರಿ ಯಂತ್ರ ಖಾಲಿ ತಿರುಗತೊಡಗಿತು. ಎಮ್ಮೆ ಕಣ್ಣು ತೆರೆದು ಕಾಲೆತ್ತಿತು. ಅದಕ್ಕೆ ಕಟ್ಟಿಗೆ ಕೊಯ್ಯುವ ಸದ್ದೇ ಬೇಕಾಗಿತ್ತು.

“ಹಲಗಿ ತಾರೋ!” ಅಮ್ಮ ಕೂಗಿದರು. “ಏನು ನೋಡಾಕತ್ತಿ, ಮಿಸ್ತ್ರಿ? ಓಡು, ಹಲಗಿ ತಾ!”

ಬಿಚ್ಚಿದ ಬಣ್ಣದ ಯಂತ್ರವನ್ನು ನಾನು ಅದೇ ರಾತ್ರಿ ಮತ್ತೆ ಬಿಗಿದೆ. ಅಂದಿನಿಂದ ಎರಡು ಹೊತ್ತೂ ಕೊಯ್ಯಲಿಕ್ಕೆ ಒಣಗಿದ ಹಲಗೆ ತಯಾರಿದೆಯೋ ಇಲ್ಲವೋ ಎಂದು ಅಮ್ಮನೇ ನೋಡುತ್ತಾರೆ. ಕರೆಂಟ್ ಹೋದರೆ ಲೈನ್‌ಮನ್‌ಗೆ ಫೋನ್ ಹಚ್ಚಿ, “ಯಪ್ಪಾ, ನಮ್ಮ ಎಮ್ಮಿ ಬಂದ್ ಬಿದ್ದತಿ. ಲಗೂನ ಬಾ,” ಎನ್ನುತ್ತಾರೆ. ಆ ಮನುಷ್ಯ ಮೊದಲ ಸಲ ದನದ ಡಾಕ್ಟರರನ್ನು ಕಳಿಸಿದ್ದ.

ಈಚೆಗೆ ಹಿರೇಕೆರೂರಿನ ಸ್ಟೇಷನರಿ ವ್ಯಾಪಾರಿಯೊಬ್ಬರು ದೊಡ್ಡ ಆರ್ಡರ್ ಹಿಡಿದು ಬಂದರು. ಪೆನ್ಸಿಲ್ ನೋಡಿದರು, ಬರೆದರು, ಮೆಚ್ಚಿದರು. ಆಮೇಲೆ ಕೇಳಿದರು:

“ದಿನಕ್ಕ ಎಷ್ಟು ಮಾಲು ತೆಗೀತೀರಿ?”

“ಅದು ಎಮ್ಮಿ ಮ್ಯಾಲ ಐತ್ರಿ,” ಎಂದರು ಮಾಲಕರು, ಸಹಜವಾಗಿ.

ವ್ಯಾಪಾರಿ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

“ಮತ್ತ ನನಗ ಇದರ ಎರಡರಷ್ಟು ಬೇಕಂದ್ರ?”

ಅಮ್ಮ ತುಂಬಿದ ತಂಬಿಗೆಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು.

“ಒಪ್ಪಿಕೋ,” ಎಂದರು ಮಗನಿಗೆ. “ಇನ್ನೊಂದು ಎಮ್ಮಿ ಕಟ್ಟೂಣು.”