ಖಾರವಿಲ್ಲದ ರಾಜೀನಾಮೆ

'ನನ್ನ ವೈಯಕ್ತಿಕ ಅಭಿಪ್ರಾಯ ಸಂಸ್ಥೆಯ ಮೌಲ್ಯಗಳಿಗೆ ಹೊಂದುತ್ತಿಲ್ಲ' ಎಂದು ದೊಡ್ಡ ದೊಡ್ಡ ಕಂಪನಿಗಳ ಅಧಿಕಾರಿಗಳು ರಾಜೀನಾಮೆ ಕೊಟ್ಟ ಸುದ್ದಿ ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ನಾನೂ ಬ್ಯಾಡಗಿಯ ಒಂದು ಖಾರದಪುಡಿ ಕಂಪನಿಗೆ ಮ್ಯಾನೇಜರ್. ಅಭಿಪ್ರಾಯಗಳಿಗಂತೂ ನನ್ನಲ್ಲಿ ಬರವಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಹೆಂಡತಿ ಸವಿತಾ ಈಗ ಸಾಸಿವೆ, ಜೀರಿಗೆ ಹಾಕಿಡುತ್ತಾಳೆ. ಕೊರತೆ ಇದ್ದದ್ದು ಮೌಲ್ಯಗಳದ್ದು. ನಮ್ಮ ಕಂಪನಿಗೆ ಇದ್ದದ್ದೇ ಒಂದು, ಅದೂ ಪಾಕೀಟಿನ ಮೇಲೆ: 'ಬಾಯಿಗಿಟ್ಟರೆ ಬೆಂಕಿ!'

ಹಾವೇರಿಯ ಕಾಲೇಜೊಂದು ಚರ್ಚಾಸ್ಪರ್ಧೆಗೆ ನನ್ನನ್ನು ನಿರ್ಣಾಯಕನಾಗಿ ಕರೆಯಿತು. ಮೈಕು ಸಿಕ್ಕಿತು. ಎಲ್ಲವನ್ನೂ ಪ್ರಶ್ನಿಸಿ ಎಂದೆ. ಉದಾಹರಣೆ ಬೇಕಲ್ಲ?

"ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ಬಣ್ಣ ಭರ್ಜರಿ, ಖಾರ ಕಮ್ಮಿ. ಬಾಯಿಗಿಟ್ಟರೆ ಬೆಂಕಿ ಅನ್ನುವುದು ಶುದ್ಧ ಸುಳ್ಳು!"

ಚಪ್ಪಾಳೆ! ನಾನು ಬಸ್ಸು ಹತ್ತುವುದರೊಳಗೆ ವಿಡಿಯೊ ಬ್ಯಾಡಗಿ ತಲುಪಿತ್ತು.

ಮರುದಿನ ಕಂಪನಿಯ ಮಾಲೀಕರು, ಅಂದರೆ ನಮ್ಮ ಸಾಹುಕಾರ್ರು, ಕರೆದರು.

"ಮ್ಯಾನೇಜರ್ರ, ಬಾಯಿ ತಪ್ಪಿ ಬಂತು ಅಂತ ಒಂದ್ ಮಾತು ಹೇಳಿಬಿಡ್ರಿ. ಮುಗದ ಹೋಗ್ತೈತಿ."

"ಅದು ನನ್ನ ವೈಯಕ್ತಿಕ ಅಭಿಪ್ರಾಯ ಐತ್ರಿ. ಬೇಕಾದ್ರ ರಾಜೀನಾಮೆ ಕೊಡ್ತೇನಿ!"

ಚರ್ಚೆಯಲ್ಲಿ ಇದು ಕೊನೆಯ ಅಸ್ತ್ರ. ಎದುರಾಳಿ ಇಲ್ಲಿ ತಡವರಿಸಬೇಕು. ಸಾಹುಕಾರ್ರು ತಡವರಿಸಲಿಲ್ಲ. ಪೆನ್ನು ಕೊಟ್ಟರು!

ಬರೆದೆ. ಗಟ್ಟಿಯಾಗಿ, ನಿಧಾನವಾಗಿ ಓದಿಯೂ ತೋರಿಸಿದೆ, ನಡುವೆ ತಡೆಯಲು ಅವರಿಗೆ ಅನುಕೂಲವಾಗಲಿ ಎಂದು.

"ಏನ್ ಕನ್ನಡಾರೀ ನಿಮ್ದು!" ಎಂದು ಮೆಚ್ಚಿ, ಕಾಗದ ಮಡಚಿ ಜೇಬಿಗಿಟ್ಟರು.

ರಾಣೆಬೆನ್ನೂರಿನ ಮನೆಯಲ್ಲಿ ಸವಿತಾ ಕೇಳಿದ್ದು ಒಂದೇ ಪ್ರಶ್ನೆ.

"ಬ್ಯಾರೆ ಕೆಲಸ ನೋಡೀರೇನು?"

"ತತ್ವ ದೊಡ್ಡದು ಸವಿತಾ."

"ನಿಮ್ಮ ತತ್ವ ಏನ್ ನಾಷ್ಟಾ ಮಾಡಿ ಹಾಕ್ತೈತೇನು? ರಾಜೀನಾಮೆದಾಗ ರಾಜಿನೂ ಐತಿ, ನಾಮನೂ ಐತಿ. ಲಗೂ ಹೋಗಿ ರಾಜಿ ಆಗ್ರಿ. ಇಲ್ಲಾಂದ್ರ ಉಳಿಯೋದು ನಾಮ ಅಷ್ಟ!"

ಇಷ್ಟು ಚೊಕ್ಕ ವಾದ ನಾನು ಯಾವ ಸ್ಪರ್ಧೆಯಲ್ಲೂ ಕೇಳಿರಲಿಲ್ಲ. ಆದರೂ ಬಿಗುಮಾನಕ್ಕೆಂದು ಒಂದಷ್ಟು ದಿನ ಬಿಟ್ಟು ಬ್ಯಾಡಗಿಗೆ ಹೋದೆ. ಸಾಹುಕಾರ್ರು ಎದ್ದು ಬಂದು ಕೈ ಹಿಡಿದರು. ಹೊಸ ಪಾಕೀಟು ತೋರಿಸಿದರು: 'ಬಣ್ಣಕ್ಕೆ ನಾವು!'

"ನಿಮ್ಮ ವಿಡಿಯೊ ನೋಡಿ, ಖರೇ ಮಾತು ಹೇಳೋ ಕಂಪನಿ ಅಂತ ಮಂದಿ ಕೇಳಿ ಒಯ್ಯಾಕತ್ತಾರ್ರಿ! ನೀವು ಹೇಳಿದ್ದು ಒಪ್ಪಿಬಿಟ್ಟೇವಿ."

"ಹಂಗಾರ ನಮ್ಮ ನಡುವ ಭಿನ್ನಾಭಿಪ್ರಾಯನ ಉಳೀಲಿಲ್ಲಲ್ರಿ! ಆ ರಾಜೀನಾಮೆ..."

"ಅದನ್ನೂ ಒಪ್ಪೇವ್ರಿ! ನಮ್ಮ ತಂಗಿ ಮಗ ಬಂದು ಕುಂತಾನ ನೋಡ್ರಿ. ಭಾಳ ಚಲೋ ಹುಡುಗ. ಅವಗ ಅಭಿಪ್ರಾಯನ ಇಲ್ಲ!"

ನನ್ನ ಕುರ್ಚಿಯಲ್ಲಿ ಕುಳಿತು ಅವನು ನನಗೇ ಕೈಮುಗಿದ.

ಬೀಳ್ಕೊಡುಗೆಯೆಂದು ಸಿಕ್ಕ ಪಾಕೀಟಿನ ಪುಡಿ ಹಾಕಿಯೇ ಸವಿತಾ ಅಂದು ಸಾರು ಮಾಡಿದಳು. ಬಾಯಿಗಿಟ್ಟೆ. ಬೆಂಕಿ ಹೋಗಲಿ, ಹೊಗೆಯೂ ಇಲ್ಲ! ನನ್ನ ವಾದ ಅಕ್ಷರಶಃ ಸಾಬೀತಾಗಿತ್ತು.

"ಸಾರು ಹೆಂಗ ಆಗೇತ್ರೀ?" ಸವಿತಾ ಕೇಳಿದಳು. ಕೈಯಲ್ಲಿ ಸೌಟಿತ್ತು.

ವೈಯಕ್ತಿಕ ಅಭಿಪ್ರಾಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನಗೆ ಉಳಿದಿರುವ ಸಂಸ್ಥೆ ಇದೊಂದೇ!

"ಬಣ್ಣ ಚಲೋ ಐತಿ," ಎಂದೆ.